ಓದಲು ಮಾತ್ರ ಅನುಮತಿ

ನಮ್ಮ ಕಚೇರಿಯಲ್ಲಿ ಹೊರಗಿನಿಂದ ಬಂದ ಯಾವ ದಾಖಲೆಯನ್ನೂ ನೇರವಾಗಿ ಮೇಜಿನ ಕಂಪ್ಯೂಟರಿನಲ್ಲಿ ತೆರೆಯುವಂತಿಲ್ಲ. ಅದು ನ್ಯಾಯಾಲಯದ ನೋಟಿಸೇ ಆಗಿರಲಿ, ಬ್ಯಾಂಕಿನ ಕಾಗದವೇ ಆಗಿರಲಿ, ನಮ್ಮ ವಕೀಲಮ್ಮನ ಸ್ವಂತ ತಂಗಿ ಕಳಿಸಿದ ಮದುವೆ ಕರೆಯೋಲೆಯೇ ಆಗಿರಲಿ, ಮೊದಲು 'ಜಗಲಿ'ಗೆ ಹೋಗಬೇಕು. ಈ ನಿಯಮ ಮಾಡಿದವಳು ನಾನು. ಮುರಿದವರಿಗೆ ಬೈಯುವವಳೂ ನಾನೇ. ಅದಕ್ಕೇ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಬಾಗಿಲಕ್ಕ ಎನ್ನುತ್ತಾರಂತೆ. ಎನ್ನಲಿ, ನನಗೇನು!

ಎರಡು ಕೋಣೆಯ ಕಚೇರಿ ನಮ್ಮದು, ಕನ್ನಡಕದ ಅಂಗಡಿಯ ಮೇಲಿದೆ. ಮೆಟ್ಟಿಲು ಎಷ್ಟು ಕಡಿದಾಗಿದೆಯೆಂದರೆ ಹತ್ತಿ ಬಂದವರು ಮೊದಲು ಕುರ್ಚಿ ಕೇಳುತ್ತಾರೆ, ಆಮೇಲೆ ನ್ಯಾಯ ಕೇಳುತ್ತಾರೆ. ಒಂದು ಕೋಣೆ ವಕೀಲಮ್ಮನದು. ಇನ್ನೊಂದರಲ್ಲಿ ನಾನು, ನನ್ನ ಟೈಪಿಂಗು, ಒಂದು ಪ್ರಿಂಟರು, ಎರಡು ಬೀರು, ಬಂದವರು ಕೂರಲು ಒಂದು ಉದ್ದನೆಯ ಬೆಂಚು. ಬರುವವರೆಲ್ಲ ಹೆಂಗಸರು. ಗಂಡನ ಕೈಯಿಂದಲೋ ಅಣ್ಣನ ಕೈಯಿಂದಲೋ ಪೆಟ್ಟು ತಿಂದು, ಸಾಕಪ್ಪಾ ಸಾಕು ಎಂದು ಮನೆ ಬಿಟ್ಟು ಬಂದವರು. ಅವರ ಕೇಸು ನಡೆಸುವುದು ವಕೀಲಮ್ಮ. ಕೇಸು ಮುಗಿಯುವ ತನಕ ಅವರು ಉಳಿದುಕೊಳ್ಳಲು ಊರಿನ ಬೇರೆ ಬೇರೆ ಕಡೆ ಕೆಲವು ಮನೆಗಳನ್ನು ಗೊತ್ತು ಮಾಡಿದ್ದೇವೆ. ಯಾರು ಯಾವ ಮನೆಯಲ್ಲಿದ್ದಾರೆ ಎಂಬುದು ನನ್ನ ಕಂಪ್ಯೂಟರಿನ ಒಂದು ಫೈಲಿನಲ್ಲಿದೆ. ಆ ಫೈಲು ಒಬ್ಬ ಗಂಡನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರಿನೊಳಗೇ ಎಲ್ಲದರಿಂದ ಬೇರೆಯಾಗಿ ತೆರೆದುಕೊಳ್ಳುವ ಈ ಕಿಟಕಿ, ಈ ಜಗಲಿ ಕಟ್ಟಿಕೊಟ್ಟವನು ನನ್ನ ಮೈದುನ. ಕಂಪ್ಯೂಟರ್ ರಿಪೇರಿ ಅವನ ಕಸುಬು, ನನ್ನನ್ನು ಕೆಣಕುವುದು ಅವನ ಹವ್ಯಾಸ. ಕಟ್ಟಿದ ದಿನ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪಾಠಕ್ಕೆ ಕುಳಿತ.

“ಅತ್ತಿಗೆ, ಗುರುತಿಲ್ಲದವನು ಮನೆಗೆ ಬಂದ್ರೆ ಏನ್ ಮಾಡ್ತೀರಿ?”

“ಯಾರಪ್ಪಾ ನೀನು, ಏನು ಬೇಕಿತ್ತು ಅಂತೀನಿ.”

“ಒಳಗೆ ಕರೀತೀರಾ?”

“ನಿನ್ನನ್ನೇ ಒಳಗೆ ಕರೆಯೋಕೆ ಹತ್ತು ಸಲ ಯೋಚನೆ ಮಾಡ್ತೀನಿ.”

“ಹಾಂ, ಇದೂ ಅಷ್ಟೇ,” ಎಂದು ನಕ್ಕ. “ಡಾಕ್ಯುಮೆಂಟ್ ತೋರಿಸೋ ಸಾಫ್ಟ್‌ವೇರ್ ಇದ್ಯಲ್ಲ, ಅದನ್ನ ಯಾರೇ ಬರೆದಿರಲಿ, ಎಲ್ಲೋ ಒಂದು ಬಿರುಕು ಇದ್ದೇ ಇರುತ್ತೆ. ಕೆಟ್ಟ ಬುದ್ಧಿ ಇರೋನು ಆ ಬಿರುಕಿಗೆ ಸರಿಯಾಗಿ ಕೂರೋ ಹಾಗೆ ಒಂದು ಫೈಲ್ ಮಾಡಿ ಕಳಿಸ್ತಾನೆ. ನೋಡೋಕೆ ಮಾಮೂಲಿ ಕಾಗದ. ನೀವು ತೆರೆದ ತಕ್ಷಣ ಸಾಫ್ಟ್‌ವೇರ್ ನಿಮ್ಮ ಮಾತು ಬಿಟ್ಟು ಅವನ ಮಾತು ಕೇಳೋಕೆ ಶುರು ಮಾಡುತ್ತೆ. ಬಿರುಕು ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ. ಅದಕ್ಕೇ, ಪುಟ ಬಿಡಿಸಿ ತೋರಿಸೋನ ಕೈಗೆ ಏನೂ ಕೊಡಬಾರದು. ನಿಮ್ಮ ಫೈಲುಗಳು ಇಲ್ಲ, ಇಂಟರ್ನೆಟ್ ಇಲ್ಲ, ಪ್ರಿಂಟರ್ ಇಲ್ಲ, ಕ್ಯಾಮೆರಾ ಇಲ್ಲ. ಜಗಲೀಲಿ ಕೂತು ಪುಟ ತೋರಿಸಲಿ, ಅಷ್ಟೇ. ಬೇರೆ ಏನಾದ್ರೂ ಬೇಕು ಅಂದ್ರೆ ಬಾಗಿಲಲ್ಲಿ ಇನ್ನೊಬ್ಬ ನಿಂತಿರ್ತಾನೆ, ಅವನನ್ನ ಕೇಳಬೇಕು. ಅವನು ನಾವು ಹೇಳಿಕೊಟ್ಟ ಹಾಗೆ ಹೂಂ ಅಂತಾನೆ, ಇಲ್ಲಾ ಊಹೂಂ ಅಂತಾನೆ.”

“ಕಳ್ಳ ಬಂದೇ ಬಿಟ್ರೆ?”

“ಬರಲಿ ಬಿಡಿ. ಜಗಲೀಲಿ ಕದಿಯೋಕೆ ಏನಿದೆ? ನೀವು ಕಿಟಕಿ ಮುಚ್ಚಿದ ತಕ್ಷಣ ಅಲ್ಲಿರೋದೆಲ್ಲ ಅಳಿಸಿ ಹೋಗುತ್ತೆ. ಮತ್ತೆ ತೆರೆದ್ರೆ ಹೊಸ ಜಗಲಿ.”

ಇದರಲ್ಲಿ ನನಗೆ ಚೆನ್ನಾಗಿ ಹಿಡಿಸಿದ್ದು ಬಾಗಿಲಲ್ಲಿ ನಿಂತು ಊಹೂಂ ಎನ್ನುವವನು. ಆ ಕೆಲಸ ನನಗೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಹೇಳಿದ್ದು ಹೊಲಿಗೆಯವಳ ಕಥೆ ಹೇಳುವುದಕ್ಕೆ. ಅವಳು ನಮ್ಮಲ್ಲಿಗೆ ಬಂದಾಗ ಬಲಗೈಗೆ ಪಟ್ಟಿ ಕಟ್ಟಿತ್ತು. ಮುಂಗೈಯ ಮೂಳೆಯನ್ನು ಗಂಡ ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದಿದ್ದ. ಹೊಲಿಗೆಯವಳ ಬಲಗೈ! ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲ ಸಲ ಅವಳು ಅಡಗಿಕೊಂಡಿದ್ದು ಗೆಳತಿಯ ಮನೆಯಲ್ಲಿ. ಆ ಗೆಳತಿ ಪಾಪದವಳು, ಅವನ ಸಿಹಿ ಮಾತಿಗೆ ಮರುಳಾಗಿ ವಿಳಾಸ ಹೇಳಿಬಿಟ್ಟಿದ್ದಳು. ಮೂಳೆ ಮುರಿದದ್ದು ಅಲ್ಲಿ. ಈಗ ಅವಳು ನಮ್ಮ ಒಂದು ಮನೆಯಲ್ಲಿ ಮಗಳ ಜೊತೆ ಇದ್ದಳು. ಕೈ ಪೂರ್ತಿ ತಿರುಗುವುದಿಲ್ಲ, ಆದರೂ ಎಡಗೈಯಲ್ಲಿ ಬಟ್ಟೆ ದೂಡಿಕೊಂಡು ಹೊಲಿಯುತ್ತಾಳೆ. ನನ್ನ ಎರಡು ರವಿಕೆ ಅವಳೇ ಸಡಿಲ ಮಾಡಿಕೊಟ್ಟದ್ದು. ಮಾಡುವಾಗ ಒಂದು ಮಾತೂ ಆಡಲಿಲ್ಲ, ಒಳ್ಳೆಯವಳು.

ಮಗಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಬಾಯಿಗೆ ಬೀಗವಿಲ್ಲದ ಹುಡುಗಿ. ಶಾಲೆ ಬಿಟ್ಟು ಅರ್ಧ ವರ್ಷವಾಗಿತ್ತು. ಹೊಸ ಶಾಲೆಯ ಮುಖ್ಯೋಪಾಧ್ಯಾಯಿನಿ ಸೇರಿಸಿಕೊಳ್ಳಲು ಒಪ್ಪಿದ್ದರು, ಆದರೆ ಹಳೆಯ ಶಾಲೆಯ ಪ್ರಮಾಣಪತ್ರ ಬೇಕೇ ಬೇಕು ಎಂದಿದ್ದರು. ಹಳೆಯ ಶಾಲೆಯವರೋ, ಮಗುವನ್ನು ಸೇರಿಸಿದವರ ಕೈಗೇ ಕೊಡುತ್ತೇವೆ ಎಂದು ಅದನ್ನು ಅಪ್ಪನಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ವಕೀಲಮ್ಮ ಅವನಿಗೆ ಎರಡು ಸಲ ಬರೆದರು, ಉತ್ತರವಿಲ್ಲ. ಅರ್ಜಿ ಹಾಕಿದರು, ಅದು ಇನ್ನೂ ವಿಚಾರಣೆಗೇ ಬಂದಿರಲಿಲ್ಲ. ಶಾಲೆಗೆ ಸೇರಲು ಕೊನೆಯ ದಿನ ಬಂದೇ ಬಿಟ್ಟಿತು. ಅವತ್ತು ಸಂಜೆಯೊಳಗೆ ಪ್ರಮಾಣಪತ್ರ ಕೊಡದಿದ್ದರೆ ಹುಡುಗಿಯ ಇಡೀ ವರ್ಷ ಹಾಳು.

ಆ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಏನಾದರೂ ದಾರಿ ಇದೆಯೇ ಎಂದು ಕೇಳಲು ಬಂದವರು. ದಾರಿ ಇಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪುಟ್ಟಿ ನನ್ನ ಪಂಚಿಂಗ್ ಯಂತ್ರದಿಂದ ಕಾಗದಕ್ಕೆ ತೂತು ಹೊಡೆಯುತ್ತ, “ನಾನು ಹೊಸ ಸ್ಕೂಲಲ್ಲಿ ಮುಂದಿನ ಬೆಂಚಲ್ಲೇ ಕೂರೋದು,” ಎಂದು ಹೇಳುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಅವರಮ್ಮನಿಗೂ ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ಕೊನೆಗೆ ಕೆಳಗೆ ಕನ್ನಡಕದ ಅಂಗಡಿಗೆ ಕಳಿಸಿದೆ. ಅಲ್ಲಿಯ ಯಜಮಾನರು ಅವಳಿಗೆ ಗಾಜಿಲ್ಲದ ಫ್ರೇಮು ಹಾಕಿ ಕನ್ನಡಿಯ ಮುಂದೆ ಕೂರಿಸುತ್ತಾರೆ, ಅವಳಿಗೆ ಹೊತ್ತು ಹೋಗುತ್ತದೆ.

ಅವಳು ಇಳಿದು ಹೋದ ಸ್ವಲ್ಪ ಹೊತ್ತಿಗೆ ವಕೀಲಮ್ಮ ತಮ್ಮ ಕೋಣೆಯಿಂದ ಕೂಗಿದರು. “ಬಂದಿದೆ! ಬಂದಿದೆ ಕಣ್ರೀ! ಅವನೇ ಕಳಿಸಿದ್ದಾನೆ!”

ಹೊಲಿಗೆಯವಳ ಗಂಡನ ಮೇಲ್ ಬಂದದ್ದು ವಕೀಲಮ್ಮನಿಗೆ, ಅದರ ಜೊತೆ ಮೂರು ಪುಟದ ಒಂದು ಡಾಕ್ಯುಮೆಂಟು. ವಕೀಲಮ್ಮ ಅದನ್ನು ನನ್ನ ಕಂಪ್ಯೂಟರಿಗೆ ಕಳಿಸಿ, ತಾವೇ ಓಡಿ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಜಗಲಿಯಲ್ಲಿ ತೆರೆದೆ. ಹಳದಿ ಅಂಚಿನ ಕಿಟಕಿ ಬಂತು, ಅದರೊಳಗೆ ಪುಟ. ಮೊದಲನೆಯದು ಕಾಗದ. ಎರಡನೆಯದು ಪ್ರಮಾಣಪತ್ರ, ಮೊಹರು, ಸಹಿ, ಮೂಲೆಯಲ್ಲಿ ಫೋನು ಹಿಡಿದು ಓದಿಸುವ ಕಪ್ಪು ಬಿಳುಪು ಚೌಕದ ಗುರುತು, ಎಲ್ಲ ಇತ್ತು. ಮೂರನೆಯದು ಪುಟ್ಟಿಯ ಅಂಕಪಟ್ಟಿ. ವಕೀಲಮ್ಮ ಹಳೆಯ ಶಾಲೆಗೆ ಫೋನು ಮಾಡಿ ಪ್ರಮಾಣಪತ್ರದ ಸಂಖ್ಯೆ ಓದಿ ಹೇಳಿದರು. ಹೌದು, ನಾವು ಕೊಟ್ಟದ್ದೇ, ಸರಿಯಾಗಿದೆ ಎಂದರು ಅವರು. ಸುಳ್ಳು ಕಾಗದವಲ್ಲ, ಅಪ್ಪಟ ನಿಜ.

ಹೊಲಿಗೆಯವಳು ಕಾಗದ ಓದತೊಡಗಿದಳು. ಅವಳು ಓದುವಾಗ ತುಟಿ ಅಲುಗುತ್ತದೆ. ನಾನೂ ಓದಿದೆ, ಕಣ್ಣೆದುರಿಗೇ ಇತ್ತಲ್ಲ.

‘ಪುಟ್ಟಿಯ ಓದು ನನ್ನಿಂದ ನಿಲ್ಲಬಾರದು. ಇಷ್ಟು ದಿನ ಇದನ್ನು ಕೊಡದೆ ಸತಾಯಿಸಿದ್ದಕ್ಕೆ ನನಗೇ ನಾಚಿಕೆಯಾಗಿದೆ. ನಿನ್ನ ಕೈ ಈಗ ಹೇಗಿದೆ? ಚಳಿಗೆ ನೋಯುತ್ತದೆಯೇ? ನನ್ನ ಕೈ ನೋಡಿಕೊಂಡರೆ ನನಗೆ ತುತ್ತು ಇಳಿಯುವುದಿಲ್ಲ. ನೀನು ಎಲ್ಲಿದ್ದೀಯ ಎಂದು ನಾನು ಕೇಳುವುದಿಲ್ಲ. ಕೇಳುವ ಹಕ್ಕು ನನಗಿಲ್ಲ. ಎಲ್ಲಿದ್ದರೂ ಇಬ್ಬರೂ ಚೆನ್ನಾಗಿರಿ.’

ನನ್ನದು ಕಲ್ಲು ಮನಸ್ಸು ಎಂದು ನನ್ನ ಗಂಡ ಹೇಳುತ್ತಾರೆ. ಆ ಕಾಗದ ಓದಿ ನಾನೂ ಕರಗಿದೆ. ಎಲ್ಲಿದ್ದೀಯ ಎಂದು ಕೇಳುವುದಿಲ್ಲ ಎಂಬ ಮಾತು ಬರೆಯಲು ಅಂಥ ಗಂಡಸಿಗೆ ಎಷ್ಟು ಕಷ್ಟವಾಗಿರಬೇಕು ಎಂದುಕೊಂಡೆ. ವಕೀಲಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಹೊಲಿಗೆಯವಳು ಮಾತ್ರ ಅಳಲಿಲ್ಲ. ಪರದೆಯ ಮೇಲೆ 'ನಿನ್ನ ಕೈ' ಎಂದಿದ್ದ ಕಡೆ ಬೆರಳು ಇಟ್ಟಳು. ಆಮೇಲೆ ನಕ್ಕಳು. ಅವಳ ಹಲ್ಲು ಸಾಲಾಗಿ ಅಷ್ಟು ಚೆಂದವಿವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

“ಅಕ್ಕಾ, ಅವ್ರಿಗೆ ಎರಡು ಸಾಲು ಬರೆದು ಹಾಕ್ತೀರಾ?” ಎಂದಳು. “ಪುಟ್ಟಿ ಯಾವ ಸ್ಕೂಲಿಗೆ ಸೇರ್ತಿದ್ದಾಳೆ ಅಂತ. ಅಪ್ಪ ಅಲ್ವಾ, ಇಷ್ಟಾದ್ರೂ ತಿಳೀಲಿ. ಒಂದು ದಿನ ಬಂದು ದೂರದಿಂದ ನೋಡ್ಕೊಂಡು ಹೋಗ್ಲಿ ಪಾಪ.”

ನಾನು ವಕೀಲಮ್ಮನ ಮುಖ ನೋಡಿದೆ. “ನೋಡೋಣ, ಮೊದಲು ಶಾಲೆ ಕೆಲಸ ಮುಗೀಲಿ,” ಎಂದರು ವಕೀಲಮ್ಮ. ಆದರೆ ಬೇಡ ಎನ್ನಲಿಲ್ಲ. ಬೇಡ ಎಂದು ನಾನೂ ಹೇಳಲಿಲ್ಲ.

ಈಗ ಪ್ರಮಾಣಪತ್ರ ಕಾಗದದ ಮೇಲೆ ಬರಬೇಕಿತ್ತು. ಜಗಲಿಗೂ ಪ್ರಿಂಟರಿಗೂ ಸಂಬಂಧವಿಲ್ಲ, ಆಗಲೇ ಹೇಳಿದೆನಲ್ಲ. ಅದಕ್ಕೆ ಮೈದುನ ಒಂದು ದಾರಿ ಮಾಡಿದ್ದ. ಒಂದು ಗುಂಡಿ ಒತ್ತಿದರೆ ಪುಟ ಬರೀ ಚಿತ್ರವಾಗಿ ಈಚೆಗೆ ಬರುತ್ತದೆ. ಫೋಟೋ ತೆಗೆದ ಹಾಗೆ, ಕಣ್ಣಿಗೆ ಕಂಡದ್ದಷ್ಟೇ ಬರುತ್ತದೆ, ಒಳಗೇನಾದರೂ ಬಚ್ಚಿಟ್ಟುಕೊಂಡಿದ್ದರೆ ಅದು ಅಲ್ಲೇ ಉಳಿಯುತ್ತದೆ. ಒತ್ತಿದೆ, ಪ್ರಿಂಟು ತೆಗೆದೆ. ಅಕ್ಷರವೇನೋ ಬಂತು. ಮೂಲೆಯ ಚೌಕ ಮಾತ್ರ ಮಸಿ ಚೆಲ್ಲಿದಂತೆ ಕಲಸಿಹೋಗಿತ್ತು. ವಕೀಲಮ್ಮ ಫೋನು ಹಿಡಿದು ನೋಡಿದರು, ಓದಲಿಲ್ಲ. ಹೊಸ ಶಾಲೆಯವರು ಅದನ್ನೇ ಮೊದಲು ನೋಡುವುದು.

“ಒಂದ್ಸಲ ಹೊರಗೇ ತೆರೆದುಬಿಡಿ,” ಎಂದರು ವಕೀಲಮ್ಮ. “ನಿಜವಾದ ದಾಖಲೆ ಅಂತ ಶಾಲೆಯವರೇ ಹೇಳಿದಾರಲ್ಲ. ಇನ್ನೇನು ಅನುಮಾನ?”

“ಹೊರಗೆ ತೆರೆಯೋ ಹಾಗಿಲ್ಲ,” ಎಂದೆ.

“ನಿಮ್ಮದೊಂದು ಹಟ! ಕೊನೇ ದಿನ ಇವತ್ತು. ಆ ಮನುಷ್ಯ ಜೀವನದಲ್ಲಿ ಒಂದ್ಸಲ ಸರಿಯಾದ ಕೆಲಸ ಮಾಡಿದ್ದಾನೆ, ಅದಕ್ಕೂ ನಿಮ್ಮ ಕಾವಲಾ?”

“ಕಾವಲು ಕೆಟ್ಟವರಿಗೆ ಮಾತ್ರ ಅಂತ ಮಾಡಿದ್ರೆ, ಅವರು ಕೆಟ್ಟವರು ಅಂತ ಮೊದಲೇ ಹೇಳಿಕೊಂಡು ಬರ್ತಾರಾ?” ನಾನೂ ದನಿ ಏರಿಸಿದೆ.

ಇಬ್ಬರೂ ಹೀಗೆ ಕಚ್ಚಾಡುವುದು ಹೊಸದೇನಲ್ಲ, ವಾರಕ್ಕೊಮ್ಮೆಯಾದರೂ ಆಗುತ್ತದೆ. ಆದರೆ ಹೊಲಿಗೆಯವಳು ಎದ್ದು ಬಂದು ನನ್ನ ತೋಳು ಹಿಡಿದಳು. ಆ ಪೂರ್ತಿ ತಿರುಗದ ಕೈಯಿಂದಲೇ ಹಿಡಿದಳು. “ಅಕ್ಕಾ, ದಮ್ಮಯ್ಯ. ನನ್ನ ಮಗಳ ವರ್ಷ ಹೋಗುತ್ತೆ. ನಿಮ್ಮ ಕಾಲು ಹಿಡ್ಕೋತೀನಿ.”

ಏನು ಮಾಡಲಿ ಹೇಳಿ? “ಕಾಲೂ ಬೇಡ, ಕೈಯೂ ಬೇಡ, ಬಿಡು,” ಎಂದು ರೇಗಿದೆ. ರೇಗಿದೆನೇ ಹೊರತು ಮನಸ್ಸಿನಲ್ಲಿ ಸೋತುಹೋಗಿದ್ದೆ. ತೆರೆದೇ ಬಿಡೋಣ ಎಂದು ತೀರ್ಮಾನಿಸಿದೆ. ಇಲಿಯ ಮೇಲೆ ಕೈ ಇಟ್ಟೆ, ಕಂಪ್ಯೂಟರ್ ಇಲಿಯ ಮೇಲೆ. ಅಷ್ಟರಲ್ಲಿ ನನಗೆ ಮೈದುನನ ಮೇಲೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅವನ ಮಬ್ಬು ಚಿತ್ರ ತಾನೆ? ನಿಯಮ ಮುರಿಯುವ ಮೊದಲು ಅವನಿಗೆ ನಾಲ್ಕು ಮಾತು ಅನ್ನದೆ ನನಗೆ ಸಮಾಧಾನವಿರಲಿಲ್ಲ. ಫೋನು ಹಚ್ಚಿದೆ.

“ಏನೋ, ನಿನ್ನ ಜಗಲಿಗೆ ಬೆಂಕಿ ಬೀಳ! ಒಂದು ಚಿತ್ರ ನೆಟ್ಟಗೆ ಬರಲ್ವಲ್ಲೋ!”

“ಅಯ್ಯೋ ಅತ್ತಿಗೆ, ಸಣ್ಣ ಸೈಜಲ್ಲಿ ಇಟ್ಟಿದ್ದೀನಿ. ಎಡಗಡೆ ಮೇಲೆ ಚಕ್ರದ ಗುರುತು ಇದೆ, ಒತ್ತಿ. ‘ಸ್ಪಷ್ಟತೆ’ ಅಂತ ಬರುತ್ತೆ, ಪೂರ್ತಿ ಬಲಕ್ಕೆ ಎಳೀರಿ. ಅದೇನದು ಸದ್ದು?”

“ಯಾವ ಸದ್ದು?”

“ಗುಂಯ್ ಅಂತಿದೆಯಲ್ಲ. ನಿಮ್ಮ ತಲೆ ಮೇಲಿನ ಫ್ಯಾನಿಂದಾ, ಕಂಪ್ಯೂಟರಿಂದಾ?”

ಅವನು ಹೇಳಿದ ಮೇಲೆ ಗಮನಿಸಿದೆ. ನಮ್ಮ ಜಗಳದಲ್ಲಿ ಕೇಳಿರಲಿಲ್ಲ. ಮೇಜಿನ ಕೆಳಗೆ ಕಂಪ್ಯೂಟರ್ ಪೆಟ್ಟಿಗೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಕಾಲಿಗೆ ಬಿಸಿಗಾಳಿ ಬಡಿಯುತ್ತಿತ್ತು.

“ಕಂಪ್ಯೂಟರಿಂದ,” ಎಂದೆ.

“ಏನೇನು ತೆರೆದಿದ್ದೀರಿ?”

“ಇದೊಂದೇ. ಮೂರು ಪುಟದ ಕಾಗದ.”

ಮೈದುನ ಯಾವಾಗಲೂ ಮಾತಿಗೊಂದು ಕೊಂಕು ಸೇರಿಸುವವನು, ಈ ಸಲ ಏನೂ ಸೇರಿಸಲಿಲ್ಲ. “ಅತ್ತಿಗೆ, ಏನನ್ನೂ ಮುಚ್ಚಬೇಡಿ, ಏನನ್ನೂ ತೆರೀಬೇಡಿ,” ಎಂದ. “ಮೂರು ಪುಟ ತೋರಿಸಿ ಸುಮ್ಮನೆ ಕೂರಬೇಕಾದ ಫೈಲು ಇಷ್ಟು ಹೊತ್ತು ಯಾಕೆ ಒದ್ದಾಡ್ತಿದೆ? ಹಳದಿ ಅಂಚಿನ ಮೇಲೆ ಒತ್ತಿ. ಬಾಗಿಲಲ್ಲಿ ನಿಂತಿರೋನು ಯಾರು ಏನು ಕೇಳಿದ್ರು ಅಂತ ಬರೆದಿಟ್ಟಿರ್ತಾನೆ. ಓದಿ.”

ಒತ್ತಿದೆ. ಸಾಮಾನ್ಯವಾಗಿ ಅಲ್ಲಿ ಏನೂ ಇರುವುದಿಲ್ಲ. ಓದಿಸಿಕೊಳ್ಳಲು ಬಂದ ಕಾಗದ ಏನು ತಾನೆ ಕೇಳೀತು? ಈಗ ಸಾಲು ಸಾಲಾಗಿ ಇತ್ತು. ಫೋನನ್ನು ಸ್ಪೀಕರಿಗೆ ಹಾಕಿ ಗಟ್ಟಿಯಾಗಿ ಓದಿದೆ, ಹುಚ್ಚಿ ನಾನು, ಹಿಂದೆ ಯಾರು ನಿಂತಿದ್ದಾರೆ ಎಂದು ನೋಡದೆ.

“ಕ್ಯಾಮೆರಾ, ನಿರಾಕರಿಸಿದೆ. ಮೈಕು, ನಿರಾಕರಿಸಿದೆ. ಫೈಲುಗಳ ಪಟ್ಟಿ, ಕೊಟ್ಟಿದೆ…”

“ಏನು? ಕೊಟ್ಟಿದೆಯಾ?” ಮೈದುನ ಕಿರುಚಿದ. “ಹೇಗೆ ಕೊಡುತ್ತೆ? ನಾನು ಎಲ್ಲಾ ಬಂದ್ ಮಾಡಿದ್ದೆ!”

“ಕೊಟ್ಟಿದೆ ಅಂತಿದೆ. 'ಕಕ್ಷಿದಾರರು' ಅನ್ನೋ ಫೋಲ್ಡರು, ಓದಲು ಮಾತ್ರ ಅನುಮತಿ, ಕೊಟ್ಟಿದೆ. ಅದ್ರೊಳಗೆ 'ವಾಸದ ಮನೆಗಳು', ಓದಲು, ಕೊಟ್ಟಿದೆ.” ಅದೇ ನಮ್ಮ ವಿಳಾಸದ ಫೈಲು. “ಆಮೇಲೆ ಹೊರಗಿನ ಸಂಪರ್ಕ, ನಿರಾಕರಿಸಿದೆ. ಹೊರಗಿನ ಸಂಪರ್ಕ, ನಿರಾಕರಿಸಿದೆ. ಹೊರಗಿನ ಸಂಪರ್ಕ… ಕೆಳಗಿನ ತನಕ ಅದೇ ಕಣೋ. ಈಗಲೂ ಬರ್ತಾನೇ ಇದೆ.”

ಹೊಸ ಸಾಲುಗಳು ಕಣ್ಣೆದುರೇ ಹುಟ್ಟುತ್ತಿದ್ದವು. ಎಲ್ಲ ಹೆಂಗಸರ ಎಲ್ಲ ಮನೆಗಳ ವಿಳಾಸವನ್ನೂ ಓದಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಅದು ಹೊರಗೆ ಹೋಗಲು ಬಾಗಿಲು ಬಡಿಯುತ್ತಿತ್ತು. ನಾವು ಗಂಡ ಪಾಪ, ಕಾಗದ ಚೆಂದ ಎಂದು ಮಾತಾಡುತ್ತಿದ್ದಷ್ಟು ಹೊತ್ತೂ ಬಡಿಯುತ್ತಲೇ ಇತ್ತು.

“ಹೊರಗೆ ಹೋಗಿಲ್ಲ, ಅಲ್ವೇನೋ?” ಎಂದೆ.

“ಇಲ್ಲ. ಜಗಲಿಗೆ ಇಂಟರ್ನೆಟ್ ಇಲ್ಲ. ಓದಿದೆ, ಒಯ್ಯೋಕಾಗಿಲ್ಲ. ಜಗಲಿ ಬಿಟ್ಟು ಹೊರಗೆ ತೆರೆದಿದ್ರೆ ಆ ಕ್ಷಣಕ್ಕೇ ಹೋಗಿಬಿಡ್ತಿತ್ತು. ತೆರೆದಿಲ್ಲ ತಾನೆ?”

“ತೆರೆಯೋದರಲ್ಲಿದ್ದೆ,” ಎಂದೆ. ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಂಥದ್ದು ದುಡ್ಡು ಕೊಟ್ರೆ ಮಾಡಿಕೊಡೋರು ಇದ್ದಾರೆ ಅತ್ತಿಗೆ. ಆದ್ರೆ ಫೋಲ್ಡರ್ ತೋರಿಸೋಕೆ ಅನುಮತಿ ಕೊಟ್ಟವರು ಯಾರು?”

ವಕೀಲಮ್ಮ ಬೆಂಚಿನ ಮೇಲೆ ಕುಸಿದು ಕುಳಿತರು. “ನಾನೇ,” ಎಂದರು. “ಹೋದ ವಾರ, ನೀವು ಊಟಕ್ಕೆ ಹೋಗಿದ್ದಾಗ, ಇದೇ ಕಂಪ್ಯೂಟರಲ್ಲಿ. ಎದುರು ಪಕ್ಷದವರ ಉತ್ತರಾನ ನಮ್ಮ ಅರ್ಜಿ ಪಕ್ಕದಲ್ಲಿಟ್ಟು ನೋಡಬೇಕಿತ್ತು, ಜಗಲೀಲಿ ಎರಡೂ ಒಟ್ಟಿಗೆ ಬರ್ಲಿಲ್ಲ. ‘ಓದಲು ಮಾತ್ರ’ ಅಂತ ಇತ್ತು, ಅನುಮತಿ ಕೊಟ್ಟೆ, ಆಮೇಲೆ ತೆಗೆಯೋದು ಮರೆತೆ. ಓದೋದಕ್ಕೆ ತಾನೆ, ಬರೆಯೋಕಲ್ವಲ್ಲ, ತಿದ್ದೋಕಲ್ವಲ್ಲ ಅಂತ…”

ವಕೀಲರಿಗಲ್ಲದೆ ಬೇರೆ ಯಾರಿಗೂ ಈ ತಪ್ಪು ಮಾಡಲು ಬರುವುದಿಲ್ಲ. ನ್ಯಾಯಾಲಯದಲ್ಲಿ ಎದುರು ಪಕ್ಷದವರು ಬಂದು ನಮ್ಮ ಕಾಗದ ಪತ್ರ ಓದಿ ಹೋಗುವುದು ದಿನದ ಮಾತು. ಓದಿದರೆ ಏನು ಹೋಯಿತು, ಸಹಿ ಹಾಕಲಿಲ್ಲ, ತಿದ್ದಲಿಲ್ಲ, ಹರಿಯಲಿಲ್ಲ ಎಂಬುದು ಅವರ ರಕ್ತದಲ್ಲೇ ಇದೆ. ಬೇರೆ ದಿನವಾಗಿದ್ದರೆ ನಾನು ಕಚೇರಿ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅವತ್ತು ಕೂಗಾಡಲು ನನಗೆ ಮುಖವಿರಲಿಲ್ಲ. ಇಲಿಯ ಮೇಲೆ ಇಟ್ಟಿದ್ದ ನನ್ನ ಕೈ ಇನ್ನೂ ಅಲ್ಲೇ ಇತ್ತು.

ಆಗ ಹೊಲಿಗೆಯವಳ ನೆನಪಾಗಿ ತಿರುಗಿದೆ. ಅವಳು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಪರದೆಯ ಮೇಲಿನ ಸಾಲುಗಳನ್ನು ತುಟಿ ಅಲುಗಿಸುತ್ತ ಓದುತ್ತಿದ್ದಳು.

“ಇದು ಅವ್ರು ಕೇಳ್ತಿರೋದಾ ಅಕ್ಕ?” ಎಂದು ಬೆರಳು ತೋರಿಸಿದಳು. “ಈ ಒಂದೊಂದು ಸಾಲೂ?”

“ಅವನಲ್ಲ. ಅವನು ಕಳಿಸಿದ್ದು ಕೇಳ್ತಿದೆ.”

“ನಾವು ಎಲ್ಲಿದ್ದೀವಿ ಅಂತ.”

ಹೌದೆಂದು ತಲೆಯಾಡಿಸಿದೆ. ಅವಳು ಅಳುತ್ತಾಳೆ ಎಂದುಕೊಂಡೆ, ಇಲ್ಲವೇ ಹೆದರಿ ನಡುಗುತ್ತಾಳೆ ಎಂದುಕೊಂಡೆ. ಎರಡೂ ಇಲ್ಲ. ಸೆರಗಿನ ತುದಿಯನ್ನು ಎಡಗೈಯಿಂದ ಮಡಚುತ್ತ ನಿಂತಳು, ಅಂಚು ಹೊಲಿಯುವವರು ಮಡಚುವ ಹಾಗೆ.

“ನೀವು ಬರೆದು ಹಾಕಿಲ್ಲ ಅಲ್ವಾ ಅಕ್ಕ, ಸ್ಕೂಲಿನ ಹೆಸರು?”

“ಇಲ್ಲ ಕಣೇ, ಇಲ್ಲ.”

“ನಾನು ಹೇಳಿದ್ನಲ್ಲ, ಬರೀರಿ ಅಂತ.”

“ನೀನೊಬ್ಬಳೇನಾ? ನಾನೂ ನಂಬಿದೆ. ವಕೀಲಮ್ಮನೂ ನಂಬಿದ್ರು. ಹಾಳಾದೋನು, ಹಾಗೆ ಬರೆದಿದ್ದ.”

ಮೈದುನ ಫೋನಿನಲ್ಲೇ ಇದ್ದ. ಅವನು ಹೇಳಿದ ಹಾಗೆ ಒಂದೊಂದೇ ಮಾಡಿದೆ. ಮೊದಲು ಫೋಲ್ಡರಿನ ಅನುಮತಿ ಕಿತ್ತು ಹಾಕಿದೆ. ಆ ಸಾಲುಗಳನ್ನೆಲ್ಲ ಚಿತ್ರವಾಗಿ ತೆಗೆದುಕೊಂಡೆ. ಸ್ಪಷ್ಟತೆಯನ್ನು ಪೂರ್ತಿ ಬಲಕ್ಕೆ ಎಳೆದು ಪ್ರಮಾಣಪತ್ರವನ್ನೂ ಅಂಕಪಟ್ಟಿಯನ್ನೂ ಮತ್ತೆ ಚಿತ್ರ ಮಾಡಿದೆ. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂತು. ವಕೀಲಮ್ಮ ಫೋನು ಹಿಡಿದು ಮೂಲೆಯ ಚೌಕ ನೋಡಿದರು. ಈ ಸಲ ಓದಿತು. ಪುಟ್ಟಿಯ ಹೆಸರು, ತರಗತಿ, ಎಲ್ಲ ಸರಿಯಾಗಿ ಬಂತು.

“ಇನ್ನು ಇದನ್ನ ಮುಚ್ಚಬಹುದು,” ಎಂದೆ.

“ಆ ಕಾಗದಾನೂ ಹೋಗುತ್ತಾ?” ಎಂದು ಕೇಳಿದಳು ಹೊಲಿಗೆಯವಳು.

“ಜಗಲೀಲಿರೋದು ಹೋಗುತ್ತೆ. ಇಮೇಲಲ್ಲಿ ಬಂದಿದ್ದು ಹಾಗೇ ಇರುತ್ತೆ, ಯಾರೂ ಮುಟ್ಟೋ ಹಾಗಿಲ್ಲ,” ಎಂದು ವಕೀಲಮ್ಮ ಹೇಳಿದರು. ದನಿ ಸ್ವಲ್ಪ ಗಟ್ಟಿಯಾಗಿತ್ತು, ಕೆಲಸದ ದನಿ. “ನ್ಯಾಯಾಧೀಶರ ಮುಂದೆ ಇಡ್ತೀನಿ.”

“ಅವ್ರೂ ಓದ್ತಾರಾ, ಆ ಕಾಗದಾನ?”

“ಓದ್ತಾರೆ.”

“ಓದಿದ್ರೆ ಅವ್ರೂ ನಂಬ್ತಾರೆ ಮೇಡಂ. ಎಷ್ಟು ಚೆನ್ನಾಗಿ ಬರೆದಿದ್ದಾರೆ.”

“ಜೊತೆಗೆ ಈ ಪಟ್ಟೀನೂ ಇಡ್ತೀನಿ. ನಂಬಲ್ಲ.”

ಅವಳು ಪರದೆಯ ಹತ್ತಿರ ಬಗ್ಗಿ ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಇನ್ನೊಂದು ಸಲ ಓದಿದಳು. ನಾನು ತಡೆಯಲಿಲ್ಲ. ಓದಿ ಮುಗಿಸಿ, “ಹನ್ನೊಂದು ವರ್ಷ ಸಂಸಾರ ಮಾಡಿದೀನಿ ಅಕ್ಕ,” ಎಂದಳು. “ಕೈ ನೋಯುತ್ತಾ ಅಂತ ಒಂದ್ಸಲನೂ ಯಾರೂ ಕೇಳಿರ್ಲಿಲ್ಲ. ಇವತ್ತು ಬೆಳಿಗ್ಗೆ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ.”

ನನಗೆ ಗೊತ್ತಿತ್ತು. ಆ ನಗು ನಾನು ನೋಡಿದ್ದೆ. ಕಂಪ್ಯೂಟರಿಗಾದರೆ ಮೈದುನ ಜಗಲಿ ಕಟ್ಟಿಕೊಟ್ಟ. ಇವಳಿಗೆ ಯಾರು ಕಟ್ಟಿಕೊಡುತ್ತಾರೆ ಎಂದು ಯೋಚಿಸಿ ನನಗೆ ಎಲ್ಲಿಲ್ಲದ ಸಂಕಟವಾಯಿತು. ಅವಳ ತಲೆ ಸವರಿದೆ. ಅಂಥದ್ದೆಲ್ಲ ನನಗೆ ಅಭ್ಯಾಸವಿಲ್ಲ, ಕೂದಲು ಕೆದರಿ ಹೋಯಿತು, ಮತ್ತೆ ನಾನೇ ಸರಿಮಾಡಿದೆ. ಆಮೇಲೆ ಕಿಟಕಿ ಮುಚ್ಚಿದೆ. ಮೇಜಿನ ಕೆಳಗಿನ ಗುಂಯ್ ಸದ್ದು ನಿಧಾನವಾಗಿ ಇಳಿಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಪುಟ್ಟಿ ಓಡಿ ಬಂದಳು. ಅಮ್ಮನ ಕೈಯಲ್ಲಿದ್ದ ಕಾಗದ ನೋಡಿದ್ದೇ ಕಣ್ಣು ಇಷ್ಟಗಲ ಮಾಡಿದಳು. “ಸಿಕ್ತಾ? ನನ್ನ ಸರ್ಟಿಫಿಕೇಟಾ? ಯಾರು ಕೊಟ್ರು?”

ನಾನು, ವಕೀಲಮ್ಮ ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಶಾಲೆಯವರು ಕಳಿಸಿದರು ಎಂದೋ, ನ್ಯಾಯಾಲಯದಿಂದ ಬಂತು ಎಂದೋ ಹೇಳಿಬಿಡುತ್ತಿದ್ದೆವು. ಹೊಲಿಗೆಯವಳು ನಮಗೆ ಅವಕಾಶ ಕೊಡಲಿಲ್ಲ.

“ಅಪ್ಪ ಕಳಿಸಿದ್ರು,” ಎಂದಳು.

ಹುಡುಗಿ ಬಹಳ ಮೆಲ್ಲಗೆ ಕೇಳಿದಳು, “ಹಾಗಾದ್ರೆ ಅಪ್ಪಂಗೆ ಸಿಟ್ಟು ಹೋಯ್ತಾ ಅಮ್ಮ?”

ಹೊಲಿಗೆಯವಳು ಪ್ರಮಾಣಪತ್ರವನ್ನು ಮಡಿಕೆ ಬೀಳದ ಹಾಗೆ ಚೀಲದಲ್ಲಿಟ್ಟಳು. ಮಗಳ ಎದುರು ಮಂಡಿಯೂರಿ, ಅವಳ ಕಾಲರು ನೆಟ್ಟಗೆ ಮಾಡಿ, ಮುಖ ನೋಡಿ ಹೇಳಿದಳು.

“ಇಲ್ಲ ಮಗಾ. ಹೋಗಿಲ್ಲ. ನಡಿ, ಸ್ಕೂಲು ಮುಚ್ಚೋದ್ರೊಳಗೆ ಹೋಗೋಣ.”